ಕರಡಿಗೆಂದು ತಂದ ಬಂದೂಕು

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷದ ಬೇಸಿಗೆ. ಆಗ ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ದಕ್ಷಿಣದ ಅಂಚಿನಲ್ಲಿದ್ದ ಒಂದು ಶೂಟಿಂಗ್ ರೇಂಜಿನಲ್ಲಿ ಸೇಫ್ಟಿ ಇನ್‌ಸ್ಟ್ರಕ್ಟರ್ ಆಗಿದ್ದೆ. ರೇಂಜ್ ಎಂದರೆ ಗುರಿ ಹೊಡೆಯುವುದನ್ನು ಅಭ್ಯಾಸ ಮಾಡುವ ಜಾಗ. ಉದ್ದನೆಯ ಕಾಂಕ್ರೀಟ್ ಹಾಲು, ಅದರಲ್ಲಿ ಸಾಲಾಗಿ ಲೇನುಗಳು, ತುದಿಯಲ್ಲಿ ತೂಗುಹಾಕಿದ ಕಾಗದದ ಗುರಿ, ಮುಂಭಾಗದಲ್ಲಿ ಬಂದೂಕು ಮಾರುವ ಕೌಂಟರು. ಸೀರೆಯುಟ್ಟು ಹಬ್ಬದ ಕೂಟಕ್ಕೆ ಬರುವ ವಿಮಲಾ ಆಂಟಿ ಉಳಿದ ದಿನ ಬಂದೂಕು ಹಿಡಿಯುವುದನ್ನು ಕಲಿಸುತ್ತಾರೆ ಎಂಬುದು ನಮ್ಮ ಕನ್ನಡದವರಿಗೆ ಬಹುಕಾಲ ತಮಾಷೆಯ ವಿಷಯವಾಗಿತ್ತು. ಆಗಲಿ, ನನಗೇನೂ ಬೇಸರವಿರಲಿಲ್ಲ. ನನ್ನ ತಂದೆ ಮೈಸೂರಿನಲ್ಲಿ ಪೊಲೀಸ್ ಆರ್ಮರರ್ ಆಗಿದ್ದವರು, ಅಂದರೆ ಇಲಾಖೆಯ ಬಂದೂಕುಗಳನ್ನು ರಿಪೇರಿ ಮಾಡಿ ಸುಸ್ಥಿತಿಯಲ್ಲಿಡುವವರು. ನಳಿಗೆ, ಕುದುರೆ, ತೋಟಾ ಎಂಬ ಮಾತುಗಳನ್ನು ನಾನು ಅಡುಗೆಮನೆಯ ಮಾತುಗಳ ಜೊತೆಗೇ ಕಲಿತೆ. ಆ ಬೇಸಿಗೆಯ ಒಂದು ಕೇಸನ್ನು ಮಾತ್ರ ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಒಂದು ಸಂಜೆ ಇಬ್ಬರು ಕೌಂಟರಿಗೆ ಬಂದರು. ಒಬ್ಬ ಸತೀಶ, ಮೌಂಟನ್ ವ್ಯೂನಲ್ಲಿ ಹಾರ್ಡ್‌ವೇರ್ ಎಂಜಿನಿಯರು, ನಲವತ್ತರ ಆಸುಪಾಸು. ಇನ್ನೊಬ್ಬ ಅವನ ಹೆಂಡತಿ ಶುಭಾಳ ತಮ್ಮ ರಘು. ಅವನಿಗೆ ಕೆಲಸ ಪಾಲೋ ಆಲ್ಟೋದಲ್ಲಿ. ಭಾವ ಮೈದುನ ಇಬ್ಬರೂ ಸೇರಿ ಅಲಾಸ್ಕಾದ ಒಂದು ನದಿಗೆ ಮೀನು ಹಿಡಿಯಲು ಹೊರಟಿದ್ದರು. ನೀರಿನ ಮೇಲೆ ಇಳಿಯಬಲ್ಲ ಸಣ್ಣ ವಿಮಾನವೊಂದು ಇವರನ್ನು ಕೆರೆಯೊಂದರಲ್ಲಿ ಇಳಿಸಿ ಹೋಗುತ್ತದೆ. ರಬ್ಬರ್ ದೋಣಿಯಲ್ಲಿ ಒಂದು ವಾರ ತೇಲಿಕೊಂಡು, ದಂಡೆಯಲ್ಲಿ ಟೆಂಟು ಹಾಕಿಕೊಂಡು, ಸಾಲ್ಮನ್ ಹಿಡಿಯುತ್ತಾ ಕೆಳಗೆ ಬರಬೇಕು. ಗೈಡ್ ಇಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಅದೇ ಮೀನಿಗಾಗಿ ಅದೇ ನದಿಗೆ ಅದೇ ಹೊತ್ತಿನಲ್ಲಿ ದೊಡ್ಡ ಕಂದು ಕರಡಿಗಳೂ ಬರುತ್ತವೆ.

"ಮೇಡಂ, ಕರಡಿಗೆ ಒಂದು ಗನ್ ಬೇಕಿತ್ತು," ಎಂದ ಸತೀಶ. "ಇರೋದ್ರಲ್ಲಿ ದೊಡ್ಡದು ಯಾವ್ದು?"

"ಯಾಕಪ್ಪ, ಮೀನಿಗೆ ಹೋಗ್ತಿದೀರೋ ಯುದ್ಧಕ್ಕೋ?" ಎಂದೆ.

ರಘು ಫೋನು ತೆಗೆದು ಒಂದು ರಿವಾಲ್ವರಿನ ಚಿತ್ರ ತೋರಿಸಿದ. ಹಿಂದಿನ ದಿನ ಇನ್ನೊಂದು ಅಂಗಡಿಯಲ್ಲಿ ನೋಡಿ ಬಂದಿದ್ದರಂತೆ. ಕೈಯಲ್ಲಿ ಹಿಡಿಯುವ ಬಂದೂಕುಗಳಲ್ಲಿ ಅದಕ್ಕಿಂತ ಹೆಚ್ಚು ಪೆಟ್ಟಿನದು ಸಿಗುವುದು ಕಷ್ಟ. ಅಲ್ಲಿನ ಸೇಲ್ಸ್‌ಮನ್ನು ಇವರ ಬೆನ್ನು ತಟ್ಟಿ, ಇದೊಂದಿದ್ದರೆ ಕರಡಿ ಅಲ್ಲೇ ಕುಸಿದು ಕೂರುತ್ತದೆ, ನೀವು ಆರಾಮಾಗಿ ನಿದ್ದೆ ಮಾಡಿ ಎಂದಿದ್ದನಂತೆ. ಜನ್ಮದಲ್ಲಿ ಒಮ್ಮೆಯೂ ಟ್ರಿಗರ್ ಎಳೆಯದ ಇಬ್ಬರಿಗೆ ಹೇಳುವ ಮಾತೇ ಇದು? ಬೈಕು ಓಡಿಸಲು ಬಾರದವನಿಗೆ ರೇಸ್ ಬೈಕು ಮಾರಿ, ಇದರಲ್ಲಿ ಬೇಗ ತಲುಪುತ್ತೀರಿ ಎಂದ ಹಾಗಾಯಿತು. ನನಗೆ ಅಲ್ಲಿಂದಲೇ ಪಿತ್ತ ಏರಲು ಶುರುವಾಯಿತು.

ಬಾಯಿಮಾತಿನಲ್ಲಿ ಹೇಳಿದರೆ ಇಂಥವರಿಗೆ ನಾಟುವುದಿಲ್ಲ. ಅದೇ ಮಾಡೆಲ್ಲು ನಮ್ಮಲ್ಲಿ ಬಾಡಿಗೆಗೆ ಇತ್ತು. ಲೇನಿಗೆ ಕರೆದುಕೊಂಡು ಹೋಗಿ ಒಂದೇ ಒಂದು ತೋಟಾ ತುಂಬಿ ರಘುವಿನ ಕೈಗೆ ಕೊಟ್ಟೆ. ಹೊಸಬರಿಗೆ ಅದರಲ್ಲಿ ಒಂದಕ್ಕಿಂತ ಹೆಚ್ಚು ತುಂಬಬಾರದು. ಮೊದಲನೆಯ ಪೆಟ್ಟಿನ ರಭಸಕ್ಕೆ ಬೆರಳು ಹೆದರಿ ಎರಡನೆಯದನ್ನೂ ಎಳೆದುಬಿಡುತ್ತದೆ, ಅಷ್ಟರಲ್ಲಿ ನಳಿಗೆ ಎತ್ತ ತಿರುಗಿರುತ್ತದೋ ದೇವರಿಗೇ ಗೊತ್ತು. ರಘು ಹೊಡೆದ. ನಳಿಗೆ ಮೇಲೆದ್ದು ಅವನ ಹಣೆಗೆ ಇನ್ನೇನು ತಾಗಬೇಕು, ಅಲ್ಲಿಗೆ ಬಂದು ನಿಂತಿತು. ಗುರಿಯ ಕಾಗದ ಮದುವಣಗಿತ್ತಿಯ ಹಾಗೆ ಒಂದು ಕಲೆಯೂ ಇಲ್ಲದೆ ನಿಂತಿತ್ತು.

"ಈಗ ಕರಡಿ ಇನ್ನೂ ಬರ್ತಾ ಇದೆ, ಕುದುರೆ ಓಡೋ ಹಾಗೆ. ಎರಡನೇದು ತುಂಬಿ ಕೊಡ್ತೀನಿ, ಹೊಡಿ ನೋಡೋಣ," ಎಂದೆ.

"ಆಂಟಿ, ಕೈ ಜೋಮು ಹಿಡಿದಿದೆ," ಎಂದ.

ಆಮೇಲೆ ಕೂರಿಸಿ ಹೇಳಿದೆ. ಕರಡಿಗೆ ಮೊದಲ ಆಯುಧ ಬೇರ್ ಸ್ಪ್ರೇ. ಮೆಣಸಿನಕಾಯಿಯ ಸತ್ತ್ವವನ್ನು ಒತ್ತಡದಲ್ಲಿ ತುಂಬಿದ ಡಬ್ಬಿ ಅದು. ಮುನ್ನುಗ್ಗುವ ಕರಡಿಯ ಮುಂದೆ ಮೋಡದಂತೆ ಹರಡುತ್ತದೆ, ಆದ್ದರಿಂದ ಸೂಜಿಯ ಮೊನೆಯಷ್ಟು ಗುರಿ ಬೇಕಿಲ್ಲ. ಅದನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲಿ ಇಳಿದ ಮೇಲೆ ಕೊಳ್ಳಬೇಕು. ರಘು ಗಂಭೀರವಾಗಿ ಕೇಳಿದ: "ಅದನ್ನ ಮೈಗೆ ಹಚ್ಕೊಳ್ಳೋದಾ ಆಂಟಿ, ಟೆಂಟಿಗೆ ಹೊಡೆಯೋದಾ?" ಸೊಳ್ಳೆಗೆ ಬಳಿದುಕೊಳ್ಳುವ ಮುಲಾಮು ಎಂದುಕೊಂಡಿದ್ದ. "ಮೈಗೆ ಹಚ್ಕೊಂಡ್ರೆ ಒಗ್ಗರಣೆ ಹಾಕಿದ ಹಾಗೆ, ಕರಡಿಗೆ ಇನ್ನೂ ರುಚಿ," ಎಂದೆ. ಮೂವರೂ ನಕ್ಕೆವು.

ಗೈಡ್ ಇಟ್ಟುಕೊಳ್ಳಿ ಎಂದರೆ ಕೇಳಲಿಲ್ಲ. ಗೈಡ್ ಇದ್ದರೆ ಅದು ಅಡ್ವೆಂಚರೇ ಅಲ್ಲವಂತೆ. ಬಂದೂಕೂ ಬೇಕೇ ಬೇಕು ಎಂದು ಹಟ ಹಿಡಿದಾಗ, ಹನ್ನೆರಡು ಗೇಜಿನ ಪಂಪ್ ಶಾಟ್‌ಗನ್ ಆಗಬಹುದು ಎಂದೆ. ಎರಡು ಕೈಯಲ್ಲಿ ಹಿಡಿದು ಭುಜಕ್ಕೆ ಆನಿಸಿ ಹೊಡೆಯುವ ಉದ್ದನೆಯ ಬಂದೂಕು ಅದು. ಕೆಳಗಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಒಂದು ತೋಟಾ ಚೇಂಬರಿಗೆ, ಅಂದರೆ ನಳಿಗೆಯ ಹಿಂಬದಿಯ ಗೂಡಿಗೆ ಬಂದು ಕೂರುತ್ತದೆ. ಚರೆ ಎಂಬ ಸಣ್ಣ ಕಾಳುಗಳು ತುಂಬಿದ ತೋಟಾ ಅಲ್ಲ, ಸ್ಲಗ್ ಎಂಬ ಸೀಸದ ಒಂದೇ ಗಟ್ಟಿ ಉಂಡೆ ಇರುವ ತೋಟಾ ಬೇಕು. ಯಾವುದು ಹೆಚ್ಚು ಬಲವಾದದ್ದು ಎಂಬುದು ನನ್ನ ಲೆಕ್ಕಕ್ಕೆ ಆಮೇಲಿನ ಮಾತು. ಹೆದರಿದ ಕೈ, ಒದ್ದೆಯಾದ ಕೈ, ನಡುಗುವ ಕೈ ಯಾವುದನ್ನು ಎರಡನೆಯ ಬಾರಿಯೂ ನೆಟ್ಟಗೆ ಹೊಡೆಯಬಲ್ಲದು ಎಂಬುದು ಮೊದಲು. ಸತೀಶ ಲಿಖಿತ ಪರೀಕ್ಷೆ ಪಾಸು ಮಾಡಿ, ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ಹತ್ತು ದಿನ ಕಾದು, ಬಂದೂಕು ತಗೊಂಡ. ಇಬ್ಬರೂ ವಾರಾಂತ್ಯಗಳಲ್ಲಿ ಬಂದು ಕಲಿತರು. ಕಲಿಸಿದ್ದು ಇಂಗ್ಲಿಷಿನಲ್ಲಿ, ಯಾಕೆಂದರೆ ರೇಂಜಿನ ಭಾಷೆ ಅದು. ಬಂದೂಕು ಮುಟ್ಟಿದ ಕೂಡಲೇ ಚೇಂಬರ್ ತೆರೆಯಬೇಕು, ಕಣ್ಣಿಂದ ನೋಡಬೇಕು, ಕಿರುಬೆರಳು ಹಾಕಿ ಮುಟ್ಟಿ ನೋಡಬೇಕು. ಇನ್ನೊಬ್ಬರು ಈಗಷ್ಟೇ ನೋಡಿ ಕೊಟ್ಟಿದ್ದರೂ ಮತ್ತೆ ನೋಡಬೇಕು. ನನ್ನೆದುರಿಗೆ ಇಬ್ಬರೂ ಒಮ್ಮೆಯೂ ತಪ್ಪಲಿಲ್ಲ.

ಕೊನೆಯ ಕ್ಲಾಸಿಗೆ ಶುಭಾ ಬಂದು ಗಾಜಿನ ಹಿಂದೆ ಕೂತಿದ್ದಳು. ನಾನು ಹೊರಗೆ ಬಂದಾಗ ಸದ್ದು ತಡೆಯಲು ಹಾಕಿದ್ದ ಕಿವಿಯ ಮಫ್ ತೆಗೆದು ಮೆಲ್ಲಗೆ ಕೇಳಿದಳು: "ಆಂಟಿ, ನಿಜ ಹೇಳಿ. ಇವರಿಬ್ಬರನ್ನ ಕಳಿಸ್ಲಾ? ನೀವು ಹೂಂ ಅಂದ್ರೆ ಕಳಿಸ್ತೀನಿ, ಬೇಡ ಅಂದ್ರೆ ಜಗಳ ಆಡಿಯಾದ್ರೂ ನಿಲ್ಲಿಸ್ತೀನಿ."

ಅವಳಿಗಿದ್ದದ್ದು ಒಬ್ಬ ಗಂಡ, ಒಬ್ಬ ತಮ್ಮ. ಇಬ್ಬರೂ ಒಂದೇ ದೋಣಿಯಲ್ಲಿ. ನಾನು ಆತುರಪಡಲಿಲ್ಲ. "ಶನಿವಾರ ನಿಮ್ಮನೆಗೆ ಬಂದು ಪ್ಯಾಕಿಂಗ್ ನೋಡ್ತೀನಿ. ರೇಂಜಲ್ಲಿ ಎಲ್ಲರೂ ಒಳ್ಳೇ ಮಕ್ಕಳೇ. ಮನೇಲಿ ಹೇಗಿರ್ತಾರೆ ಅಂತ ನೋಡಿ ಹೇಳ್ತೀನಿ," ಎಂದೆ.

ಆ ಶನಿವಾರ ಮಧ್ಯಾಹ್ನ ಸಾಂಟಾ ಕ್ಲಾರಾದ ಅವರ ಮನೆಯ ಮುಂದೆ ಕಾರು ನಿಲ್ಲಿಸಿ ಬಾಗಿಲು ತೆರೆಯುತ್ತಿದ್ದೆ. ಒಳಗಿಂದ ಸದ್ದು ಬಂತು. ಬಯಲಿನಲ್ಲಿ ಕೇಳುವ ಬಂದೂಕಿನ ಸದ್ದೇ ಬೇರೆ, ನಾಲ್ಕು ಗೋಡೆಯೊಳಗಿನ ಸದ್ದೇ ಬೇರೆ. ಅದು ಕಿವಿಗಿಂತ ಮುಂಚೆ ಎದೆಗೆ ಬಡಿಯುತ್ತದೆ. ಗ್ಯಾರೇಜಿನ ಬಾಗಿಲು ಅರ್ಧ ಎತ್ತಿತ್ತು, ಬಗ್ಗಿ ಒಳಗೆ ನುಗ್ಗಿದೆ. ರಘು ಬಂದೂಕು ಹಿಡಿದು ಕಂಬದಂತೆ ನಿಂತಿದ್ದ. ಪಕ್ಕದಲ್ಲಿ ಬಾಯಿ ತೆರೆದ ಗಟ್ಟಿ ಪೆಟ್ಟಿಗೆ, ಮೀನಿನ ಗಾಳಗಳು, ಕೂಲರು. ಎದುರು ಗೋಡೆಯಲ್ಲಿ ಒಂದು ತೂತು. ನಾನು ಬಂದೂಕು ಕಿತ್ತುಕೊಂಡು, ಉಳಿದ ತೋಟಾಗಳನ್ನು ತೆಗೆದು, ಕೆಳಗಿಟ್ಟು, ಆ ತೂತಿನ ಹಿಂದಿನ ಕೋಣೆಗೆ ಓಡಿದೆ.

ಅದು ಬಟ್ಟೆ ಒಗೆಯುವ ಕೋಣೆ. ಶುಭಾ ನೆಲದ ಮೇಲೆ ಕೂತಿದ್ದಳು, ತಲೆಯ ಮೇಲೆಲ್ಲ ಗೋಡೆಯ ಬಿಳಿ ಪುಡಿ, ಕೈಯಲ್ಲಿ ಒಂದು ಉಣ್ಣೆಯ ಕಾಲುಚೀಲ. ವಾಷರಿನ ಮೇಲೆ ಡ್ರೈಯರು ಇಟ್ಟ ಜೋಡಿ ಮಷೀನು ಅವರದು. ಗಂಡನ ಕಾಲುಚೀಲ ಕೆಳಗೆ ಬಿತ್ತೆಂದು ಬಗ್ಗಿದ್ದಾಳೆ. ಗುಂಡು ಗೋಡೆ ಕೊರೆದು ಅವಳ ಬೆನ್ನ ಮೇಲಿಂದ ಹಾದು ಡ್ರೈಯರಿನೊಳಗೆ ಹೊಕ್ಕಿದೆ. ಅವಳು ನಿಂತಿದ್ದಿದ್ದರೆ ಎಲ್ಲಿಗೆ ತಾಗುತ್ತಿತ್ತು ಎಂದು ನಾನು ಕಣ್ಣಳತೆಯಲ್ಲೇ ನೋಡಿದೆ, ಆಮೇಲೆ ಆ ಕಡೆ ನೋಡಲಿಲ್ಲ. ಮೈಗೆ ಒಂದು ಗಾಯವೂ ಇರಲಿಲ್ಲ. "ಕಿವಿ ಗುಂಯ್ ಅಂತಿದೆ ಆಂಟಿ," ಎಂದಳು, ಅಷ್ಟೇ.

ನಡೆದದ್ದನ್ನು ಭಾವ ಮೈದುನ ಇಬ್ಬರ ಬಾಯಿಂದ ಬಿಡಿಸಿ ಕೇಳಿದೆ. ಸತೀಶ ಬಂದೂಕಿನಲ್ಲಿ ಎಷ್ಟು ಬೇಗ ತುಂಬಬಹುದು ಎಂದು ಅಭ್ಯಾಸ ಮಾಡುತ್ತಿದ್ದನಂತೆ. ಅದಕ್ಕೆಂದೇ ನಾನು ಪ್ಲಾಸ್ಟಿಕ್ಕಿನ ಡಮ್ಮಿ ತೋಟಾ ಕೊಟ್ಟಿದ್ದೆ. ಅವು ಬ್ಯಾಗಿನ ತಳ ಸೇರಿದ್ದವೆಂದು ನಿಜವಾದ ಸ್ಲಗ್ಗುಗಳನ್ನೇ ತುಂಬಿ, ಪಂಪ್ ಎಳೆದು, ಹಾಗೇ ಬೆಂಚಿನ ಮೇಲಿಟ್ಟು ಅಡುಗೆಮನೆಗೆ ಹೋಗಿದ್ದಾನೆ. ರಘು ಬಿಯರ್ ಡಬ್ಬಿಗಳನ್ನು ಕೂಲರಿಗೆ ಜೋಡಿಸಿ, ಬಂದೂಕನ್ನು ಪೆಟ್ಟಿಗೆಗೆ ಇಡಲು ಎತ್ತಿಕೊಂಡಿದ್ದಾನೆ. ಅಲ್ಲಿಂದಲೇ ಕೂಗಿ ಕೇಳಿದ್ದಾನೆ:

"ಭಾವ, ಗುಂಡು ಹಾಕಿದೀರಾ?"

ಒಳಗಿಂದ ಸತೀಶ: "ಇಲ್ಲಪ್ಪ, ಈಗ್ಲೇ ಯಾಕೆ? ಅಲ್ಲಿ ಹೋದ್ಮೇಲೆ ಹಾಕಿದ್ರಾಯ್ತು."

ಕೇಳಿದವನು ಬಂದೂಕಿನ ಗುಂಡು ಕೇಳಿದ. ಹೇಳಿದವನು ಬಿಯರ್ ಡಬ್ಬಿಯ ಸದ್ದು ಕೇಳಿಸಿಕೊಂಡು ಕುಡಿಯುವ ಗುಂಡಿಗೆ ಉತ್ತರ ಕೊಟ್ಟ. ಆ ಉತ್ತರ ಎರಡಕ್ಕೂ ಸರಿಹೊಂದಿತು. ಬಂದೂಕು ಇಡುವ ಮುಂಚೆ ಟ್ರಿಗರ್ ಎಳೆದು ಒಳಗಿನ ಸ್ಪ್ರಿಂಗು ಸಡಿಲಿಸಬೇಕೆಂದು ಯಾವುದೋ ವಿಡಿಯೋದಲ್ಲಿ ನೋಡಿದ್ದ ರಘು ಸೇಫ್ಟಿಯ ತಡೆ ತೆಗೆದು, ಗೋಡೆಯತ್ತ ತಿರುಗಿಸಿ ಎಳೆದ.

ಇದನ್ನು ಹೇಳುವಾಗ ರಘುವಿಗೆ ನಗು ಬಂತು. ಹೆದರಿಕೆಯ ನಗು ಎಂದು ನನಗೆ ಗೊತ್ತು. ಸತೀಶನೂ ನಕ್ಕ. ನಾನು ನಗಲಿಲ್ಲ. ನೆರೆಮನೆಯವರು ಫೋನು ಮಾಡಿದ್ದಾರೆ, ಪೊಲೀಸರು ಬರುತ್ತಿದ್ದಾರೆ ಎಂದು ತಿಳಿದ ಕೂಡಲೇ ಸತೀಶ ನನ್ನನ್ನು ಮೂಲೆಗೆ ಕರೆದ.

"ಮೇಡಂ, ನೀವು ಎಕ್ಸ್‌ಪರ್ಟು. ಗನ್ನಿಗೇ ಏನೋ ಫಾಲ್ಟಿತ್ತು, ತಾನಾಗೇ ಹಾರ್ತು ಅಂತ ಒಂದ್ ಮಾತು ಹೇಳ್ಬಿಡಿ. ಇಬ್ಬರದ್ದೂ ಕೆಲಸದ ಪ್ರಶ್ನೆ."

"ಆ ಕೋಣೇಲಿ ಕೂತಿರೋಳು ನಿನ್ನ ಹೆಂಡತಿ ಸತೀಶ. ಅವಳ ಹತ್ರ ಮೊದಲು ಹೋಗಿ ಏನಾದ್ರೂ ಹೇಳಿದ್ಯಾ?" ಎಂದೆ. ಅವನು ಇನ್ನೂ ಆ ಕೋಣೆಗೆ ಕಾಲಿಟ್ಟಿರಲಿಲ್ಲ.

ಯಂತ್ರಕ್ಕೆ ಬಾಯಿಲ್ಲವೆಂದು ಅದರ ತಲೆಗೆ ತಪ್ಪು ಕಟ್ಟುವವರನ್ನು ಕಂಡರೆ ನನಗೆ ಆಗುವುದಿಲ್ಲ. ಬಂದ ಇಬ್ಬರು ಆಫೀಸರರ ಮುಂದೆ ಖಾಲಿ ಬಂದೂಕಿನ ಸೇಫ್ಟಿ, ಟ್ರಿಗರ್, ಪಂಪ್ ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿ ತೋರಿಸಿದೆ. ಎಲ್ಲ ಗಟ್ಟಿಯಾಗಿತ್ತು. ಯಂತ್ರ ಸರಿಯಾಗಿದೆ, ಚೇಂಬರ್ ನೋಡದೆ ಟ್ರಿಗರ್ ಎಳೆದಿದ್ದಾರೆ ಎಂದು ನೇರವಾಗಿ ಹೇಳಿದೆ. ಅವರು ಬರೆದುಕೊಂಡು, ಬಂದೂಕನ್ನು ತಮ್ಮ ವಶಕ್ಕೆ ತೆಗೆದುಕೊಂಡು ಹೋದರು. ಸತೀಶ ನನ್ನ ಮುಖ ನೋಡಲಿಲ್ಲ. ನಾನು ಶುಭಾಳ ಹತ್ತಿರ ಹೋಗಿ, ಅವಳು ಕ್ಲಾಸಿನಲ್ಲಿ ಕೇಳಿದ್ದಕ್ಕೆ ಉತ್ತರ ಕೊಟ್ಟೆ: "ಬೇಡಮ್ಮ. ಹೀಗೆ ಕಳಿಸ್ಬೇಡ."

ಅವಳು ಜಗಳವಾಡಲಿಲ್ಲವಂತೆ. ಹೋಗುವುದಾದರೆ ಗೈಡ್ ಜೊತೆ ಹೋಗಿ, ಬೇರ್ ಸ್ಪ್ರೇ ಇಟ್ಟುಕೊಳ್ಳಿ, ಬಂದೂಕು ಈ ಮನೆಯ ಹೊಸ್ತಿಲು ದಾಟಿ ಮತ್ತೆ ಒಳಗೆ ಬರಕೂಡದು ಎಂದಳಂತೆ. ಹಾಗೇ ಹೋದರು, ಮೀನು ಹಿಡಿದರು, ದೂರದ ದಂಡೆಯಲ್ಲಿ ಎರಡು ಕರಡಿ ಕಂಡರು, ಬಂದರು. ವಿಷಯ ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ.

ಗಣೇಶನ ಹಬ್ಬದ ಕೂಟ. ಕಮ್ಯುನಿಟಿ ಹಾಲಿನಲ್ಲಿ ಬಿಸಿಬೇಳೆಬಾತಿನ ಟ್ರೇಗಳ ಪಕ್ಕ ಒಂದು ಗುಂಪು ಹೊಟ್ಟೆ ಹಿಡಿದು ನಗುತ್ತಿತ್ತು. ನಡುವೆ ರಘು. ಎರಡು ದನಿ ಮಾಡಿ ಆ ಪ್ರಸಂಗ ಆಡಿ ತೋರಿಸುತ್ತಿದ್ದ: "ಭಾವ, ಗುಂಡು ಹಾಕಿದೀರಾ?" "ಇಲ್ಲಪ್ಪ, ಈಗ್ಲೇ ಯಾಕೆ?" ಆಮೇಲೆ ಕೈ ಬಡಿದು "ಢಂ". ಯಾರೋ, ಮುಂದಿನ ಸಲ ಇದನ್ನೇ ಸ್ಕಿಟ್ ಮಾಡೋಣ ಎಂದರು. ತಟ್ಟೆ ಹಿಡಿದು ನಿಂತ ಹಿರಿಯರೊಬ್ಬರು ತೀರ್ಪನ್ನೇ ಕೊಟ್ಟರು: "ಅವನದ್ದೇನ್ರೀ ತಪ್ಪು? ನಮ್ ಭಾಷೇದೇ ಪ್ರಾಬ್ಲಮ್ಮು. ಎರಡಕ್ಕೂ ಒಂದೇ ಪದ. ಇಂಗ್ಲಿಷಲ್ಲಿ ಕೇಳಿದ್ರೆ ಹೀಗಾಗ್ತಿರ್ಲಿಲ್ಲ."

ನನಗೆ ನೆತ್ತಿಯವರೆಗೆ ಉರಿ ಹತ್ತಿತು. ತಪ್ಪನ್ನು ಬಂದೂಕಿನ ತಲೆಗೆ ಕಟ್ಟಿದ್ದಾಯಿತು, ಅದು ನಿಲ್ಲಲಿಲ್ಲ, ಈಗ ಕನ್ನಡದ ತಲೆಗೆ. "ಸ್ವಾಮಿ," ಎಂದೆ, "ತುಂಬಿದ ಬಂದೂಕಿಗೆ ಇಂಗ್ಲಿಷಲ್ಲಿ ಏನಂತಾರೆ? ಲೋಡೆಡ್. ಚೆನ್ನಾಗಿ ಕುಡಿದವನಿಗೂ ಇಲ್ಲಿನವರು ಲೋಡೆಡ್ ಅಂತಾನೇ ಅನ್ನೋದು. ಆ ಭಾಷೆಯನ್ನೂ ಜೈಲಿಗೆ ಹಾಕೋಣ್ವಾ? ಬಾಯಲ್ಲಿ ಕೇಳಿದ್ದೇ ತಪ್ಪು. ಬಂದೂಕು ಕೈಲಿತ್ತು, ಮುಖದಲ್ಲಿ ಎರಡು ಕಣ್ಣಿತ್ತು. ಕೋಣೆಯಾಚೆ ಇರೋ ಭಾವನ್ನ ಕೇಳೋದೇನಿತ್ತು?"

"ಅಯ್ಯೋ ಬಿಡಿ ವಿಮಲಾ, ಹಬ್ಬದ ದಿನ. ಯಾರಿಗೂ ಏನೂ ಆಗ್ಲಿಲ್ವಲ್ಲ," ಎಂದರು ಅವರು.

ಆಗ ಶುಭಾ ಗುಂಪಿನೊಳಗೆ ಬಂದಳು. ಕೈಯಲ್ಲಿ ಕೋಸಂಬರಿಯ ಬಟ್ಟಲಿತ್ತು, ಅದನ್ನು ಮೇಜಿನ ಮೇಲಿಟ್ಟಳು. ದನಿ ಏರಿಸಲಿಲ್ಲ.

"ರಘು, ಕಥೆ ಪೂರ್ತಿ ಹೇಳೋ. ಢಂ ಅಂದಾಗ ನಾನೆಲ್ಲಿದ್ದೆ?"

"ಅಕ್ಕ, ಸುಮ್ನೆ ತಮಾಷೆಗೆ..."

"ತಮಾಷೆಗೇ ಹೇಳು. ಎಲ್ಲಿದ್ದೆ?"

"ಲಾಂಡ್ರಿ ರೂಮಲ್ಲಿ."

"ನಾನೇನ್ಮಾಡ್ತಿದ್ದೆ?"

"ನೀನು ಬಗ್ಗಿದ್ದೆ. ಸಾಕ್ಸ್ ಬಿದ್ದಿತ್ತು."

"ಬೀಳ್ದೇ ಇದ್ದಿದ್ರೆ?"

ಸುತ್ತಲಿನವರು ತಟ್ಟೆಗಳನ್ನು ನೋಡತೊಡಗಿದರು. ಗುಂಪಿನ ಹಿಂದೆ ನಿಂತಿದ್ದ ಸತೀಶ ಮುಂದೆ ಬಂದ. ನಾಲ್ಕು ಜನರೆದುರು ಹೀಗೆ ಕೇಳಬೇಡ ಎಂದು ತಡೆಯುತ್ತಾನೆಂದುಕೊಂಡೆ. ಆದರೆ ಅವನು ಹೇಳಿದ್ದು ಬೇರೆ: "ತುಂಬಿ ಇಟ್ಟಿದ್ದು ನಾನು. ಫಾಲ್ಟ್ ಗನ್ನಿದು ಅಂತ ಸುಳ್ಳು ಹೇಳ್ಸೋಕೆ ಹೊರಟಿದ್ದೂ ನಾನೇ." ರಘು ಅಕ್ಕನ ಮುಖ ನೋಡಿದ. "ನಾನು ನೋಡ್ಲಿಲ್ಲ ಅಕ್ಕ," ಎಂದ. "ಕೈಯಲ್ಲೇ ಇತ್ತು. ನೋಡ್ಲಿಲ್ಲ." ಶುಭಾ ಅಲ್ಲಿಯವರೆಗೂ ಅತ್ತಿರಲಿಲ್ಲ, ಆವತ್ತು ಬಟ್ಟೆ ಒಗೆಯುವ ಕೋಣೆಯಲ್ಲೂ ಅತ್ತಿರಲಿಲ್ಲ. ಈಗ ಹೊರಗಿನ ಪಾರ್ಕಿಂಗ್ ಲಾಟಿಗೆ ಹೋಗಿ ಅತ್ತಳು. ರಘು ಹಿಂದೆಯೇ ಹೋದ. ಸ್ಕಿಟ್ಟಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ನಾನು ಕೆಲಸ ಬಿಡುವವರೆಗೂ ಪ್ರತಿ ಬೇಸಿಗೆಯಲ್ಲೂ ಜನ ಬರುತ್ತಿದ್ದರು: ಮೀನಿಗೆ ಹೋಗುತ್ತಿದ್ದೇವೆ, ಕರಡಿಗೆ ಯಾವ ಗನ್ ಒಳ್ಳೆಯದು? ಆ ಪ್ರಶ್ನೆ ಕೇಳುವಾಗ ಅವರ ಕಣ್ಣಿನಲ್ಲಿ ಕರಡಿ ಮಾತ್ರ ಇರುತ್ತದೆ, ಎರಡು ಕಾಲಿನ ಮೇಲೆ ಎದ್ದು ನಿಂತಿರುತ್ತದೆ. ಕರಡಿ ಒಂದು ವಾರದಲ್ಲಿ ಒಮ್ಮೆ ಕಂಡೀತು, ಕಾಣದೆಯೂ ಇದ್ದೀತು. ಬಂದೂಕು ಮಾತ್ರ ತಂದ ದಿನದಿಂದ ನಮ್ಮವರ ನಡುವೆಯೇ ಇರುತ್ತದೆ. ಗ್ಯಾರೇಜಿನಲ್ಲಿ, ದೋಣಿಯಲ್ಲಿ, ಟೆಂಟಿನಲ್ಲಿ ಪಕ್ಕದವನ ತಲೆಯ ಬಳಿ. ಅದರ ಗೇಜು, ಸ್ಲಗ್ಗು, ತೂಕ ಎಲ್ಲ ಹೇಳಿಕೊಡಲು ನನಗೆ ಬರುತ್ತದೆ, ಹೇಳಿಕೊಟ್ಟೂ ಇದ್ದೇನೆ. ಆದರೆ ಆ ಬೇಸಿಗೆಯ ನಂತರ ಬಂದೂಕಿನ ಕಪಾಟಿನ ಬೀಗ ತೆಗೆಯುವ ಮುಂಚೆ ನಾನೇ ಅವರನ್ನು ಒಂದು ಮಾತು ಕೇಳುತ್ತಿದ್ದೆ. ಕೆಲವರು ಬೇಸರಪಟ್ಟುಕೊಂಡರು, ಕೆಲವರು ಎದ್ದು ಬೇರೆ ಅಂಗಡಿಗೆ ಹೋದರು.

"ಕರಡಿ ವಿಷಯ ಆಮೇಲೆ ಮಾತಾಡೋಣ. ಮನೇಲಿ ಯಾರ್ಯಾರಿದ್ದಾರೆ, ಮೊದಲು ಅದನ್ನ ಹೇಳಿ."